ಐವತ್ತಮೂರು ಬಿಟ್‌ಗಳ ಒಡಂಬಡಿಕೆ

ಕಂಪ್ಯೂಟರ್ ಲೆಕ್ಕದಲ್ಲಿ ತಪ್ಪುವುದಿಲ್ಲ ಎಂಬ ನಂಬಿಕೆ ಜನಸಾಮಾನ್ಯರಲ್ಲಿ ಆಳವಾಗಿ ಬೇರೂರಿದೆಯಾದರೂ, ಆ ಯಂತ್ರಗಳನ್ನು ಕಟ್ಟಿದವರಿಗೆ ಅವುಗಳ ಮಿತಿ ಆರಂಭದಿಂದಲೇ ತಿಳಿದಿತ್ತು. ಗಣಿತದಲ್ಲಿ ಸಂಖ್ಯೆಗಳಿಗೆ ಕೊನೆಯೆಂಬುದಿಲ್ಲ. ಯಂತ್ರದೊಳಗೆ ಒಂದು ಸಂಖ್ಯೆಗೆ ಮೀಸಲಿಟ್ಟ ಜಾಗಕ್ಕೆ ಕೊನೆಯುಂಟು. ಸೊನ್ನೆ ಅಥವಾ ಒಂದು ಎಂಬ ಎರಡೇ ಬೆಲೆಗಳಲ್ಲಿ ಯಾವುದಾದರೊಂದನ್ನು ಹಿಡಿದಿಡುವ ಕಿರುಘಟಕಕ್ಕೆ ಬಿಟ್ ಎಂದು ಹೆಸರು. ಇಂಥ ಹದಿನಾರು, ಮೂವತ್ತೆರಡು ಅಥವಾ ಅರವತ್ತನಾಲ್ಕು ಬಿಟ್‌ಗಳ ಸಾಲಿನಲ್ಲಿ ಹಿಡಿಯುವಷ್ಟನ್ನು ಮಾತ್ರ ಯಂತ್ರವು ಉಳಿಸಿಕೊಂಡು, ಮಿಕ್ಕದ್ದನ್ನು ಕತ್ತರಿಸುತ್ತದೆ, ಇಲ್ಲವೇ ಇಡೀ ಬೆಲೆಯನ್ನು ಹತ್ತಿರದ ಇನ್ನೊಂದು ಸಂಖ್ಯೆಗೆ ಸರಿಸುತ್ತದೆ. ಈ ಕತ್ತರಿಕೆ ಅನಿವಾರ್ಯ. ಆದರೆ ಎಲ್ಲಿ ಕತ್ತರಿಸಬೇಕು, ಯಾವ ಕಡೆಗೆ ಸರಿಸಬೇಕು, ಒಂದು ಯಂತ್ರದಲ್ಲಿ ಬಂದ ಉತ್ತರವೇ ಇನ್ನೊಂದರಲ್ಲಿಯೂ ಬರಬೇಕೇ ಎಂಬ ಪ್ರಶ್ನೆಗಳು ಪ್ರಕೃತಿ ತೀರ್ಮಾನಿಸುವಂಥವಲ್ಲ, ಮನುಷ್ಯರು ಕೂಡಿ ಕುಳಿತು ಒಪ್ಪಿಕೊಳ್ಳಬೇಕಾದಂಥವು. ಆ ಒಪ್ಪಿಗೆ ಮೂಡಿಬರಲು ಮೊದಲ ಕಂಪ್ಯೂಟರ್‌ಗಳು ಹುಟ್ಟಿದ ಮೇಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು.

ಬಹಳ ದೊಡ್ಡ ಸಂಖ್ಯೆಗಳನ್ನೂ ಬಹಳ ಚಿಕ್ಕ ಸಂಖ್ಯೆಗಳನ್ನೂ ಒಂದೇ ಅಳತೆಯ ಜಾಗದಲ್ಲಿ ಕೂರಿಸುವ ಉಪಾಯ ಎಲೆಕ್ಟ್ರಾನಿಕ್ ಯಂತ್ರಗಳಿಗಿಂತ ಹಳೆಯದು. ಸಂಖ್ಯೆಯನ್ನು ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಅದರ ಮುಖ್ಯ ಅಂಕಿಗಳನ್ನು, ಅಂದರೆ ಸಾರ್ಥಕ ಅಂಕಿಗಳನ್ನು, ಇನ್ನೊಂದು ಪಾಲಿನಲ್ಲಿ ಬಿಂದು ಎಲ್ಲಿ ಬೀಳಬೇಕೆಂದು ಹೇಳುವ ಘಾತಾಂಕವನ್ನು ಬರೆದಿಡುವುದು ಈ ಉಪಾಯದ ಸಾರ. ಬಿಂದು ಒಂದೆಡೆ ನಿಲ್ಲದೆ ಅತ್ತಿತ್ತ ಸರಿಯುವುದರಿಂದ ಇದಕ್ಕೆ ಫ್ಲೋಟಿಂಗ್ ಪಾಯಿಂಟ್, ಅಂದರೆ ತೇಲುವ ಬಿಂದು, ಎಂದು ಹೆಸರಾಯಿತು. ಸ್ಪೇನಿನ ಎಂಜಿನಿಯರ್ ಲಿಯೊನಾರ್ಡೊ ಟೊರೆಸ್ ಕೆವೆದೊ 1914ರಲ್ಲಿಯೇ ಇದನ್ನು ಬರಹದಲ್ಲಿ ಸೂಚಿಸಿದ್ದರೆ, ಯಂತ್ರದಲ್ಲಿ ಸಾಧಿಸಿ ತೋರಿಸಿದ ಕೀರ್ತಿ ಜರ್ಮನಿಯ ಕೊನ್ರಾಡ್ ತ್ಸೂಜೆಗೆ ಸಲ್ಲುತ್ತದೆ. ಬರ್ಲಿನ್‌ನಲ್ಲಿ ತಂದೆತಾಯಿಯರ ಮನೆಯಲ್ಲಿಯೇ ಮೊದಲ ಯಂತ್ರವನ್ನು ಜೋಡಿಸಿದ ತ್ಸೂಜೆ, 1941ರಲ್ಲಿ ಟೆಲಿಫೋನ್ ರಿಲೇಗಳಿಂದ ಕಟ್ಟಿದ ಜ಼ೆಡ್3 ಯಂತ್ರದಲ್ಲಿ ಪ್ರತಿ ಸಂಖ್ಯೆಗೂ 22 ಬಿಟ್‌ಗಳನ್ನು ಕೊಟ್ಟರು: ಧನ-ಋಣ ಚಿಹ್ನೆಗೆ 1, ಘಾತಾಂಕಕ್ಕೆ 7, ಸಾರ್ಥಕ ಅಂಕಿಗಳಿಗೆ 14. ಉತ್ತರ ಅನಂತಕ್ಕೆ ಹೋದರೆ ಅಥವಾ ಉತ್ತರವೇ ಇಲ್ಲದಿದ್ದರೆ ಯಂತ್ರ ಏನು ಮಾಡಬೇಕೆಂಬುದನ್ನೂ ಆ ತರುಣ ಎಂಜಿನಿಯರ್ ಆಗಲೇ ಯೋಚಿಸಿ ಅಳವಡಿಸಿದ್ದುದು ಈ ಇತಿಹಾಸದಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವ ಸಂಗತಿ. 1943ರ ಬಾಂಬ್ ದಾಳಿಯಲ್ಲಿ ಆ ಯಂತ್ರ ನಾಶವಾಯಿತು. ಯುದ್ಧಕಾಲದ ಜರ್ಮನಿಯಿಂದ ಅದರ ವಿಚಾರಗಳು ಹೊರಗೆ ಹರಡಲೂ ಇಲ್ಲ.

ಅಮೆರಿಕದಲ್ಲಿ ನಡೆದದ್ದು ಬೇರೆಯೇ ಚರ್ಚೆ. 1946ರಲ್ಲಿ ಆರ್ಥರ್ ಬರ್ಕ್ಸ್, ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ವಾನ್ ನ್ಯೂಮನ್ ಪ್ರಿನ್ಸ್‌ಟನ್‌ನ ಹೊಸ ಕಂಪ್ಯೂಟರ್‌ಗಾಗಿ ಸಿದ್ಧಪಡಿಸಿದ ವರದಿಯಲ್ಲಿ ತೇಲುವ ಬಿಂದುವನ್ನು ಪರಿಶೀಲಿಸಿ ಕೈಬಿಟ್ಟರು. ಘಾತಾಂಕಕ್ಕೆ ಕೊಡುವ ಬಿಟ್‌ಗಳು ಅಂಕಿಗಳ ಪಾಲಿನಿಂದಲೇ ಹೋಗಬೇಕು, ಆಗ ನಿಖರತೆ ತಗ್ಗುತ್ತದೆ. ಲೆಕ್ಕದ ಯಾವ ಹಂತದಲ್ಲಿ ಸಂಖ್ಯೆ ಎಷ್ಟು ದೊಡ್ಡದಾಗಬಹುದೆಂಬುದನ್ನು ಗಣಿತಜ್ಞನೇ ಮುಂಚಿತವಾಗಿ ಅಂದಾಜಿಸಿ ಅಳತೆಯನ್ನು ಹೊಂದಿಸಿಕೊಳ್ಳುವುದು ಮೇಲು ಎಂಬುದು ಅವರ ವಾದವಾಗಿತ್ತು. ವಾನ್ ನ್ಯೂಮನ್ ಅವರಂಥ ಮೇಧಾವಿಗೆ ಸುಲಭವಾಗಿದ್ದ ಈ ಕೆಲಸ ಉಳಿದವರಿಗೆ ದುಸ್ತರವಾಗಿತ್ತೆಂಬುದು ಬೇಗನೆ ಮನದಟ್ಟಾಯಿತು. 1954ರಲ್ಲಿ ಬಂದ ಐಬಿಎಂ 704 ತೇಲುವ ಬಿಂದುವಿನ ಲೆಕ್ಕವನ್ನು ವಿದ್ಯುನ್ಮಂಡಲಗಳಲ್ಲಿಯೇ ಮಾಡುತ್ತಿತ್ತು. 1957ರಲ್ಲಿ ಅದೇ ಯಂತ್ರಕ್ಕಾಗಿ ಫೋರ್ಟ್ರಾನ್ ಭಾಷೆ ಬಂದಾಗ, ಕತ್ತರಿಕೆಯ ಬಗ್ಗೆ ಏನನ್ನೂ ತಿಳಿಯದ ವಿಜ್ಞಾನಿಯೂ ಸಲೀಸಾಗಿ ಲೆಕ್ಕ ಬರೆಯುವಂತಾಯಿತು. ಅಳತೆಯನ್ನು ಕಾಯುವ ಹೊಣೆ ಮನುಷ್ಯನಿಂದ ಯಂತ್ರಕ್ಕೆ ದಾಟಿತು, ಮತ್ತು ಯಂತ್ರ ಆ ಹೊಣೆಯನ್ನು ಹೇಗೆ ನಿಭಾಯಿಸಬೇಕೆಂಬುದನ್ನು ಪ್ರತಿಯೊಂದು ಕಂಪನಿಯೂ ತನಗೆ ತೋಚಿದಂತೆ ನಿರ್ಧರಿಸಿತು.

ಇದರ ಫಲ 1960ರ ದಶಕದಲ್ಲಿ ಕಾಣಿಸಿಕೊಂಡಿತು. ಐಬಿಎಂ 7090 ಯಂತ್ರದ 36 ಬಿಟ್‌ಗಳ ಸಂಖ್ಯೆಯಲ್ಲಿ 27 ಬಿಟ್‌ಗಳು ಅಂಕಿಗಳಿಗೆ ಮೀಸಲಾಗಿದ್ದವು. 1964ರಲ್ಲಿ ಘೋಷಣೆಯಾದ ಸಿಸ್ಟಮ್/360 ಶ್ರೇಣಿಯಲ್ಲಿ ಸಂಖ್ಯೆಯ ಉದ್ದ 32 ಬಿಟ್‌ಗಳಿಗೆ ಇಳಿಯಿತು. ಅದರಲ್ಲಿ ಅಂಕಿಗಳ ಪಾಲು 24, ಅದೂ ಎರಡರ ಬದಲು ಹದಿನಾರನ್ನು ಆಧಾರವಾಗಿಟ್ಟುಕೊಂಡ ಪದ್ಧತಿಯಲ್ಲಿ. ಹದಿನಾರರ ಆಧಾರದಲ್ಲಿ ಮೊದಲ ಅಂಕಿ ಚಿಕ್ಕದಾದಾಗ ಅದರ ಆರಂಭದ ಮೂರು ಬಿಟ್‌ಗಳವರೆಗೆ ಬರೀ ಸೊನ್ನೆಗಳು ತುಂಬಿ ವ್ಯರ್ಥವಾಗುವುದರಿಂದ, ಕೆಲವು ಸಂಖ್ಯೆಗಳಿಗೆ 24 ಬಿಟ್‌ಗಳ ನಿಖರತೆ ಸಿಕ್ಕರೆ ಕೆಲವಕ್ಕೆ 21 ಮಾತ್ರ ಸಿಗುತ್ತಿತ್ತು. ಹಳೆಯ ಯಂತ್ರದಲ್ಲಿ ಸರಿಯಾಗಿ ನಡೆಯುತ್ತಿದ್ದ ಪ್ರೋಗ್ರಾಂಗಳು ಹೊಸದರಲ್ಲಿ ಕೆಟ್ಟ ಉತ್ತರ ಕೊಡತೊಡಗಿದವು. ಇದಕ್ಕಿಂತ ಗಂಭೀರವಾದದ್ದು ಕಾವಲು ಅಂಕಿಯ ಕೊರತೆ. ಎರಡು ಸಂಖ್ಯೆಗಳನ್ನು ಕಳೆಯುವಾಗ ಅವುಗಳ ಬಿಂದುಗಳನ್ನು ಒಂದೇ ನೇರಕ್ಕೆ ತರಲು ಚಿಕ್ಕದನ್ನು ಬಲಕ್ಕೆ ಜರುಗಿಸಬೇಕಾಗುತ್ತದೆ. ಜರುಗಿದಾಗ ಅಂಚಿನಿಂದ ಹೊರಬೀಳುವ ಅಂಕಿಯನ್ನು ಕಳೆಯುವ ಕೆಲಸ ಮುಗಿಯುವವರೆಗೆ ಹಿಡಿದಿಡಲು ಒಂದು ಹೆಚ್ಚುವರಿ ಮನೆ ಬೇಕು. ಸಂಖ್ಯೆಗೆ ಎರಡರಷ್ಟು ಜಾಗ ಕೊಡುವ ದ್ವಿಗುಣ ನಿಖರತೆಯ ಲೆಕ್ಕದಲ್ಲಿ ಐಬಿಎಂ ಆ ಮನೆಯನ್ನು ಬಿಟ್ಟುಬಿಟ್ಟಿತ್ತು. ಬಳಕೆದಾರರ ಸಂಘಟಿತ ಒತ್ತಾಯಕ್ಕೆ ಮಣಿದ ಕಂಪನಿ, ಆಗಲೇ ಗ್ರಾಹಕರ ಬಳಿ ಸ್ಥಾಪಿಸಿದ್ದ ಯಂತ್ರಗಳಿಗೂ ತನ್ನ ಖರ್ಚಿನಲ್ಲಿ ಕಾವಲು ಅಂಕಿಯನ್ನು ಸೇರಿಸಬೇಕಾಯಿತು.

ಇತರ ಕಂಪನಿಗಳ ಸ್ಥಿತಿಯೂ ಭಿನ್ನವಾಗಿರಲಿಲ್ಲ. ಕೆಲವು ಯಂತ್ರಗಳಲ್ಲಿ ಅತಿ ಚಿಕ್ಕ ಸಂಖ್ಯೆಯೊಂದು ಹೋಲಿಕೆಯಲ್ಲಿ ಸೊನ್ನೆಯಲ್ಲವೆಂದು ಕಂಡರೂ ಭಾಗಾಕಾರದಲ್ಲಿ ಸೊನ್ನೆಯಂತೆ ವರ್ತಿಸುತ್ತಿತ್ತು; ಆದ್ದರಿಂದ ಎಚ್ಚರವುಳ್ಳ ಪ್ರೋಗ್ರಾಮರ್‌ಗಳು ಯಾವುದೇ ಸಂಖ್ಯೆಯಿಂದ ಭಾಗಿಸುವ ಮೊದಲು ಅದನ್ನು 1.0ರಿಂದ ಗುಣಿಸಿ, ಬಂದದ್ದು ಸೊನ್ನೆಯೇ ಎಂದು ಪರೀಕ್ಷಿಸುತ್ತಿದ್ದರು. ಒಂದರಿಂದ ಗುಣಿಸಿದರೆ ಸಂಖ್ಯೆ ಬದಲಾಗದೆಂಬ ಪ್ರಾಥಮಿಕ ಶಾಲೆಯ ಪಾಠವನ್ನೇ ಯಂತ್ರ ಮುರಿಯುತ್ತಿದ್ದುದರಿಂದ ಈ ಉಪಾಯ ಫಲಿಸುತ್ತಿತ್ತು. ಒಂದು ಯಂತ್ರಕ್ಕೆ ಕಲಿತ ಇಂಥ ಉಪಾಯ ಮತ್ತೊಂದಕ್ಕೆ ಒದಗುತ್ತಿರಲಿಲ್ಲ. ತಪ್ಪು ಇದ್ದುದಕ್ಕಿಂತಲೂ ತಪ್ಪಿನ ಸ್ವರೂಪ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿದ್ದುದೇ ಆ ಕಾಲದ ದೊಡ್ಡ ಕಷ್ಟವೆಂದು ಹೇಳಬೇಕು, ಏಕೆಂದರೆ ಎಲ್ಲೆಡೆ ಒಂದೇ ಬಗೆಯಾಗಿರುವ ದೋಷಕ್ಕೆ ಗಣಿತಜ್ಞನು ಎಲ್ಲೆ ಕಟ್ಟಬಲ್ಲ. ಇಂಗ್ಲೆಂಡಿನ ಜೇಮ್ಸ್ ವಿಲ್ಕಿನ್ಸನ್ 1963ರ ತಮ್ಮ ಗ್ರಂಥದಲ್ಲಿ ಅಂಥ ಎಲ್ಲೆ ಕಟ್ಟುವ ಶಾಸ್ತ್ರವನ್ನೇ ವ್ಯವಸ್ಥಿತವಾಗಿ ನಿರೂಪಿಸಿದ್ದರು. ಆದರೆ ಅವರ ಪ್ರಮೇಯಗಳು ನಿಲ್ಲಬೇಕಾದರೆ ಯಂತ್ರವು ಕನಿಷ್ಠ ಕೆಲವು ನಿಯಮಗಳನ್ನಾದರೂ ಪಾಲಿಸಬೇಕಿತ್ತು.

ಆ ನಿಯಮಗಳನ್ನು ಯಂತ್ರಗಳ ಮೇಲೆ ವಿಧಿಸುವ ಕೆಲಸಕ್ಕೆ ಬದುಕನ್ನೇ ಮುಡಿಪಾಗಿಟ್ಟವರು ವಿಲಿಯಂ ಕಾಹನ್. 1933ರಲ್ಲಿ ಕೆನಡಾದ ಟೊರಾಂಟೊದಲ್ಲಿ ಜನಿಸಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ ಡಾಕ್ಟರೇಟ್ ಪಡೆದು, ಮುಂದೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಅವರು, ಯಂತ್ರಗಳ ಲೆಕ್ಕದ ದೋಷಗಳನ್ನು ಬಿಡದೆ ಹುಡುಕಿ ದಾಖಲಿಸಿದ್ದರು. ಹ್ಯೂಲೆಟ್-ಪ್ಯಾಕರ್ಡ್ ಕ್ಯಾಲ್ಕುಲೇಟರ್‌ಗಳ ಲೆಕ್ಕವನ್ನು ತಿದ್ದುವಲ್ಲಿ ನೆರವಾಗಿದ್ದರು. 1976ರಲ್ಲಿ ಇಂಟೆಲ್ ಕಂಪನಿಯ ಜಾನ್ ಪಾಮರ್, ತಮ್ಮ ಮೈಕ್ರೊಪ್ರೊಸೆಸರ್‌ಗಳಿಗೆ ಜೊತೆಯಾಗಿ ತೇಲುವ ಬಿಂದುವಿನ ಲೆಕ್ಕ ಮಾಡುವ ಪ್ರತ್ಯೇಕ ಚಿಪ್ ಒಂದನ್ನು ಯೋಜಿಸಿ ಕಾಹನ್ ಅವರ ಸಲಹೆ ಬೇಡಿದರು. ಕೆಲವೇ ನೂರು ಪರಿಣತರಿಗಾಗಿ ಅಲ್ಲದೆ ಲಕ್ಷಾಂತರ ಸಾಮಾನ್ಯ ಬಳಕೆದಾರರಿಗಾಗಿ ತಯಾರಾಗುವ ಚಿಪ್ ಅದು. ದೋಷ ವಿಶ್ಲೇಷಣೆಯ ಗಂಧವೇ ಇಲ್ಲದವರ ಕೈಗೆ ಹೋಗುವ ಯಂತ್ರವು ಪರಿಣತರ ಯಂತ್ರಕ್ಕಿಂತಲೂ ಹೆಚ್ಚು ನಂಬಿಕೆಗೆ ಅರ್ಹವಾಗಿರಬೇಕೆಂಬುದು ಅದರ ಹಿಂದಿನ ಚಿಂತನೆಯಾಗಿತ್ತು. 1980ರಲ್ಲಿ 8087 ಎಂಬ ಹೆಸರಿನಿಂದ ಆ ಚಿಪ್ ಹೊರಬಂದಿತು.

ಈ ನಡುವೆ, 1977ರಲ್ಲಿ, ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರ್‌ಗಳ ಸಂಸ್ಥೆಯಾದ ಐಇಇಇ ಎಲ್ಲ ಮೈಕ್ರೊಪ್ರೊಸೆಸರ್‌ಗಳಿಗೂ ಅನ್ವಯಿಸುವ ಲೆಕ್ಕದ ಮಾನದಂಡವನ್ನು ರೂಪಿಸಲು ಸಮಿತಿಯೊಂದನ್ನು ಕೂಡಿಸಿತು. ಕಾಹನ್, ಅವರ ವಿದ್ಯಾರ್ಥಿ ಜೆರೋಮ್ ಕೂನೆನ್ ಮತ್ತು ಹೆರಾಲ್ಡ್ ಸ್ಟೋನ್ ಸೇರಿ ಬರೆದ ಕರಡು, ಮೂವರ ಹೆಸರುಗಳ ಮೊದಲಕ್ಷರಗಳಿಂದ ಕೆ-ಸಿ-ಎಸ್ ಎಂದು ಕರೆಸಿಕೊಂಡು ಚರ್ಚೆಗೆ ಬಂತು. ಅದಕ್ಕೆ ಎದುರಾಗಿ ನಿಂತದ್ದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್. ಅದರ ವ್ಯಾಕ್ಸ್ ಯಂತ್ರಗಳ ಲೆಕ್ಕ ಆ ಕಾಲದ ಉತ್ತಮ ಲೆಕ್ಕಗಳಲ್ಲಿ ಒಂದಾಗಿದ್ದುದರಿಂದ, ಜನರಿಗೆ ಆಗಲೇ ಒಗ್ಗಿದ್ದ ಆ ಪದ್ಧತಿಯನ್ನೇ ಎಲ್ಲರಿಗೂ ಮಾನದಂಡವಾಗಿ ಏಕೆ ಸ್ವೀಕರಿಸಬಾರದೆಂಬ ಅವರ ಪ್ರಶ್ನೆ ನ್ಯಾಯವಾದುದೇ ಆಗಿತ್ತು.

ವಿವಾದ ಕೇಂದ್ರೀಕರಿಸಿದ್ದು ಸೊನ್ನೆಯ ಆಸುಪಾಸಿನ ಒಂದು ಕಿರಿದಾದ ಪ್ರದೇಶದ ಮೇಲೆ. ತೇಲುವ ಬಿಂದುವಿನ ಸಂಖ್ಯೆಗಳು ಸೊನ್ನೆಯ ಕಡೆಗೆ ಹೋದಂತೆ ಒತ್ತೊತ್ತಾಗುತ್ತವೆ, ಆದರೆ ಘಾತಾಂಕ ತನ್ನ ಕನಿಷ್ಠ ಬೆಲೆಗೆ ಇಳಿದ ಮೇಲೆ ಇದ್ದಕ್ಕಿದ್ದಂತೆ ನಿಂತುಬಿಡುತ್ತವೆ. ಅತಿ ಚಿಕ್ಕ ಸಂಖ್ಯೆಗೂ ಸೊನ್ನೆಗೂ ನಡುವೆ, ಆ ಸಂಖ್ಯೆಯ ಆಚೆ ಬದಿಯ ಅಂತರಗಳಿಗೆ ಹೋಲಿಸಿದರೆ ಬಹಳ ದೊಡ್ಡದಾದ ಕಂದಕ ಉಳಿಯುತ್ತದೆ. ಉತ್ತರ ಆ ಕಂದಕದೊಳಗೆ ಬಿದ್ದಾಗ ಹಳೆಯ ಯಂತ್ರಗಳು ಅದನ್ನು ಸೊನ್ನೆಯೆಂದೇ ಬರೆಯುತ್ತಿದ್ದವು. ಇದರಿಂದ, ಎರಡು ಸಂಖ್ಯೆಗಳು ಬೇರೆಬೇರೆಯಾಗಿದ್ದರೂ ಅವುಗಳ ವ್ಯತ್ಯಾಸ ಸೊನ್ನೆಯೆಂದು ಬರುವ ವೈಪರೀತ್ಯ ಹುಟ್ಟುತ್ತಿತ್ತು. ಅಂಕಿಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತ ಕಂದಕವನ್ನು ಸಮ ಅಂತರದ ಮೆಟ್ಟಿಲುಗಳಿಂದ ತುಂಬಬೇಕೆಂದು ಕಾಹನ್ ಅವರ ಕರಡು ಹೇಳಿತು; ಇದು ಯಂತ್ರವನ್ನು ನಿಧಾನಗೊಳಿಸುತ್ತದೆಂದು ಡಿಜಿಟಲ್‌ನವರು ಆಕ್ಷೇಪಿಸಿದರು. ವೇಗ ಕುಂದದಂತೆ ಇದನ್ನು ಸಾಧಿಸಬಹುದೆಂದು ತೋರಿಸಲು ಬರ್ಕ್ಲಿಯ ವಿದ್ಯಾರ್ಥಿ ಜಾರ್ಜ್ ಟೇಲರ್ ವ್ಯಾಕ್ಸ್ ಯಂತ್ರಕ್ಕೇ ಹೊಂದುವ ಮಂಡಲಗಳನ್ನು ವಿನ್ಯಾಸಗೊಳಿಸಿದರು. ಕೊನೆಗೆ ಡಿಜಿಟಲ್ ಕಂಪನಿಯೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಿ. ಡಬ್ಲ್ಯು. ಸ್ಟುವರ್ಟ್ ಅವರಿಂದ ಪರಿಶೀಲನೆ ಮಾಡಿಸಿತು. 1981ರಲ್ಲಿ ಬಾಸ್ಟನ್‌ನಲ್ಲಿ ನಡೆದ ಸಭೆಯಲ್ಲಿ ಅವರು, ಎಲ್ಲವನ್ನೂ ತೂಗಿ ನೋಡಿದರೆ ಮೆಟ್ಟಿಲಿನ ಪದ್ಧತಿಯೇ ಸರಿಯೆಂದು ವರದಿ ಕೊಟ್ಟರು. ತನಗೆ ಹಣ ಕೊಟ್ಟು ನೇಮಿಸಿದವರ ನಿಲುವಿಗೆ ವಿರುದ್ಧವಾಗಿ, ಲೆಕ್ಕದ ಪರವಾಗಿ ಹೇಳಿದ ಆ ಮಾತು ಗೌರವದಿಂದ ನೆನೆಯಬೇಕಾದದ್ದು. ಮಾನದಂಡ 1985ರಲ್ಲಿ ಐಇಇಇ 754 ಎಂಬ ಸಂಖ್ಯೆಯಡಿ ಅಧಿಕೃತವಾಯಿತು. ಅಷ್ಟರಲ್ಲಿ ಹಲವು ಚಿಪ್ ತಯಾರಕರು ಕರಡನ್ನೇ ನೆಚ್ಚಿ ಅಳವಡಿಸಿಕೊಂಡಾಗಿತ್ತು. 1989ರ ಟ್ಯೂರಿಂಗ್ ಪ್ರಶಸ್ತಿ ಕಾಹನ್ ಅವರಿಗೆ ಸಂದಿತು.

ಒಡಂಬಡಿಕೆಯ ಪ್ರಕಾರ ದ್ವಿಗುಣ ನಿಖರತೆಯ ಸಂಖ್ಯೆಗೆ 64 ಬಿಟ್‌ಗಳು: ಚಿಹ್ನೆಗೆ 1, ಘಾತಾಂಕಕ್ಕೆ 11, ಅಂಕಿಗಳಿಗೆ 52. ದ್ವಿಮಾನ ಪದ್ಧತಿಯಲ್ಲಿ ಸಾಮಾನ್ಯ ಸಂಖ್ಯೆಯ ಮೊದಲ ಅಂಕಿ ಯಾವಾಗಲೂ 1 ಆಗಿರುವುದರಿಂದ ಅದನ್ನು ಬರೆಯದೆಯೇ ಲೆಕ್ಕಕ್ಕೆ ಹಿಡಿಯುವುದರ ಮೂಲಕ ಒಂದು ಬಿಟ್ ಹೆಚ್ಚಿಗೆ ಸಿಕ್ಕಿ, ನಿಖರತೆ 53 ಬಿಟ್‌ಗಳಾಗುತ್ತದೆ. ಎರಡರ 53ನೆಯ ಘಾತವೆಂದರೆ 9,00,71,99,25,47,40,992. ಇಲ್ಲಿಯವರೆಗಿನ ಪೂರ್ಣಾಂಕಗಳೆಲ್ಲವೂ ಯಂತ್ರದಲ್ಲಿ ಯಥಾವತ್ತಾಗಿ ನಿಲ್ಲುತ್ತವೆ. ಇದನ್ನು ದಾಟಿದ ಕೂಡಲೇ ಬೆಸ ಸಂಖ್ಯೆಗಳು ಮಾಯವಾಗಿ ಸಮಸಂಖ್ಯೆಗಳು ಮಾತ್ರ ಉಳಿಯುತ್ತವೆ, ಇನ್ನೂ ಮುಂದೆ ಹೋದರೆ ನಾಲ್ಕರ, ಎಂಟರ ಗುಣಕಗಳು ಮಾತ್ರ. ಉತ್ತರವು ಯಂತ್ರದಲ್ಲಿ ನಿಲ್ಲಬಲ್ಲ ಅಕ್ಕಪಕ್ಕದ ಎರಡು ಸಂಖ್ಯೆಗಳ ಸರಿಯಾದ ನಡುಮಧ್ಯದಲ್ಲಿ ಬಿದ್ದರೆ, ಕೊನೆಯ ಬಿಟ್ ಸೊನ್ನೆಯಾಗಿರುವ ಕಡೆಗೆ ಸರಿಸಬೇಕೆಂಬುದು ನಿಯಮ. ಆದ್ದರಿಂದ 9,00,71,99,25,47,40,992ಕ್ಕೆ 1 ಕೂಡಿಸಿದರೆ ಉತ್ತರ ಕದಲುವುದೇ ಇಲ್ಲ. 3 ಕೂಡಿಸಿದರೆ ಕೊನೆಯ ಅಂಕಿಗಳು 995 ಆಗುವ ಬದಲು 996 ಆಗುತ್ತವೆ. ಯಂತ್ರ ಕೆಟ್ಟಿಲ್ಲ, ಒಪ್ಪಿಕೊಂಡ ನಿಯಮವನ್ನು ಅಕ್ಷರಶಃ ಪಾಲಿಸಿದೆ.

ಈ ಎಲ್ಲೆ ಎಷ್ಟು ಹತ್ತಿರವಿದೆಯೆಂಬುದನ್ನು ಒಂದು ಗುಣಾಕಾರದಿಂದ ಕಾಣಬಹುದು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಅಲ್ಲಿನ ಕಂಪ್ಯೂಟರ್ ವಿಭಾಗ ಮನಬಂದಂತೆ ಆರಿಸಿಕೊಟ್ಟ 7686369774870 ಮತ್ತು 2465099745779 ಎಂಬ ಎರಡು ಹದಿಮೂರಂಕಿ ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ, 18947668177995426462773730 ಎಂಬ ಉತ್ತರವನ್ನು 28 ಸೆಕೆಂಡುಗಳಲ್ಲಿ ಕೊಟ್ಟರು. ಕೊಟ್ಟ ಎರಡೂ ಸಂಖ್ಯೆಗಳು 53 ಬಿಟ್‌ಗಳಲ್ಲಿ ನಿರಾಯಾಸವಾಗಿ ಹಿಡಿಯುತ್ತವೆ, ಗುಣಲಬ್ಧ ಮಾತ್ರ ಹಿಡಿಯುವುದಿಲ್ಲ. ಅಷ್ಟು ಎತ್ತರದಲ್ಲಿ ದ್ವಿಗುಣ ನಿಖರತೆಯ ಒಂದು ಸಂಖ್ಯೆಗೂ ಅದರ ಪಕ್ಕದ ಸಂಖ್ಯೆಗೂ ನಡುವಿನ ಅಂತರ 2,14,74,83,648. ಆದಕಾರಣ ಇದೇ ಗುಣಾಕಾರವನ್ನು ಇಂದಿನ ಸಾಧಾರಣ ಸ್ಪ್ರೆಡ್‌ಶೀಟ್‌ಗೆ ಒಪ್ಪಿಸಿದರೆ, 26 ಅಂಕಿಗಳ ಉತ್ತರದಲ್ಲಿ ಎಡಗಡೆಯ ಸುಮಾರು ಹದಿನೈದು ಅಂಕಿಗಳನ್ನು ಮಾತ್ರ ನೆಚ್ಚಿಕೊಳ್ಳಬಹುದು. ಎಲ್ಲ ಅಂಕಿಗಳೂ ಬೇಕಾದರೆ, ಉದ್ದನೆಯ ಸಂಖ್ಯೆಯನ್ನು ತುಂಡುಗಳನ್ನಾಗಿ ಮಾಡಿ, ಕಾಗದದ ಮೇಲೆ ಗುಣಿಸುವಂತೆಯೇ ದಶಕ ಒಯ್ಯುತ್ತ ಗುಣಿಸುವ ಬೇರೆ ಪ್ರೋಗ್ರಾಂ ಬರೆಯಬೇಕು.

ಸರಿಸುವ ದಿಕ್ಕು ಎಷ್ಟು ಮುಖ್ಯವೆಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆ, ಮಾನದಂಡದ ಚರ್ಚೆ ನಡೆಯುತ್ತಿದ್ದ ವರ್ಷಗಳಲ್ಲಿಯೇ, ಸಾಕ್ಷಿಯಾಯಿತು. 1982ರ ಜನವರಿಯಲ್ಲಿ 1000ದಿಂದ ಆರಂಭವಾದ ಅದರ ಸೂಚ್ಯಂಕವನ್ನು ಪ್ರತಿ ವಹಿವಾಟಿನ ನಂತರವೂ ಮರುಲೆಕ್ಕ ಮಾಡಿ, ಮೂರು ದಶಮಾಂಶ ಸ್ಥಾನಗಳ ಆಚೆಗಿನದನ್ನು ಹತ್ತಿರದ ಬೆಲೆಗೆ ಸರಿಸದೆ ಸುಮ್ಮನೆ ಕತ್ತರಿಸಲಾಗುತ್ತಿತ್ತು. ಕತ್ತರಿಕೆ ಯಾವಾಗಲೂ ಕೆಳಮುಖವೇ ಆದ್ದರಿಂದ ದಿನಕ್ಕೆ ಸಾವಿರಾರು ಸಲ ನಡೆದ ಆ ಕಿರುನಷ್ಟ ಒಟ್ಟುಗೂಡಿ, 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು, ತಿದ್ದಿ ಲೆಕ್ಕ ಹಾಕಿದಾಗ ಅದರ ನಿಜವಾದ ಬೆಲೆ 1098.892 ಎಂದು ತಿಳಿದುಬಂತು.

ಜೀವಹಾನಿಯಲ್ಲಿ ಕೊನೆಗೊಂಡ ಪ್ರಕರಣ 1991ರ ಕೊಲ್ಲಿ ಯುದ್ಧದ್ದು. ಹತ್ತರಲ್ಲಿ ಒಂದು ಪಾಲು ಎಂಬ ಭಿನ್ನರಾಶಿ ದಶಮಾನದಲ್ಲಿ 0.1 ಎಂದು ಮುಗಿಯುತ್ತದೆಯಾದರೂ, ದ್ವಿಮಾನದಲ್ಲಿ ಅದಕ್ಕೆ ಕೊನೆಯಿಲ್ಲ; ಮೂರರಲ್ಲಿ ಒಂದು ಪಾಲನ್ನು ದಶಮಾನದಲ್ಲಿ ಬರೆಯಹೊರಟರೆ 3 ಮತ್ತೆ ಮತ್ತೆ ಬರುವಂತೆ, ಇಲ್ಲಿ 0011 ಎಂಬ ಗುಂಪು ಮರುಕಳಿಸುತ್ತ ಹೋಗುತ್ತದೆ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರ ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗಗಳಲ್ಲಿ ಪೂರ್ಣಾಂಕವಾಗಿ ಎಣಿಸುತ್ತಿತ್ತು; ಆ ಎಣಿಕೆಯನ್ನು ಸೆಕೆಂಡುಗಳಿಗೆ ಪರಿವರ್ತಿಸಲು, 24 ಬಿಟ್‌ಗಳಿಗೆ ಕತ್ತರಿಸಿಟ್ಟ 0.1ರಿಂದ ಗುಣಿಸಲಾಗುತ್ತಿತ್ತು. ಕತ್ತರಿಕೆಯ ದೋಷ ಸುಮಾರು 0.000000095. ಕೆಲವು ಗಂಟೆ ಮಾತ್ರ ಚಾಲನೆಯಲ್ಲಿಟ್ಟು ಸ್ಥಳ ಬದಲಾಯಿಸಬೇಕಾದ ವ್ಯವಸ್ಥೆಯೆಂದು ಅದನ್ನು ರೂಪಿಸಲಾಗಿತ್ತಾದ್ದರಿಂದ ಈ ದೋಷ ಯಾರನ್ನೂ ಕಾಡಿರಲಿಲ್ಲ. ಸೌದಿ ಅರೇಬಿಯಾದ ದಹ್ರಾನ್‌ನಲ್ಲಿದ್ದ ಘಟಕ ಫೆಬ್ರವರಿ 25ರ ಹೊತ್ತಿಗೆ ನೂರು ಗಂಟೆಗಳ ಕಾಲ ಬಿಡುವಿಲ್ಲದೆ ನಡೆದಿತ್ತು. ನೂರು ಗಂಟೆಗಳೆಂದರೆ 36 ಲಕ್ಷ ಎಣಿಕೆಗಳು, 0.000000095ನ್ನು 36 ಲಕ್ಷದಿಂದ ಗುಣಿಸಿದರೆ ಸುಮಾರು 0.34 ಸೆಕೆಂಡು. ಸೆಕೆಂಡಿಗೆ 1,600 ಮೀಟರಿಗೂ ಹೆಚ್ಚು ವೇಗದಲ್ಲಿ ಬರುವ ಸ್ಕಡ್ ಕ್ಷಿಪಣಿ ಅಷ್ಟು ಕಾಲದಲ್ಲಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ರಾಡಾರ್ ತಪ್ಪು ಜಾಗದಲ್ಲಿ ಹುಡುಕಿ, ಏನೂ ಕಾಣದೆ ಸುಮ್ಮನಾಯಿತು. ಕ್ಷಿಪಣಿ ಸೈನಿಕರ ವಸತಿಗೆ ಅಪ್ಪಳಿಸಿ 28 ಮಂದಿ ಸತ್ತರು. ಹೆಚ್ಚು ಹೊತ್ತು ನಡೆದರೆ ಗುರಿ ಜಾರುತ್ತದೆಂದು ಇಸ್ರೇಲಿನವರು ಅದೇ ತಿಂಗಳ ಮೊದಲರ್ಧದಲ್ಲಿಯೇ ಎಚ್ಚರಿಸಿದ್ದರು, ತಿದ್ದಿದ ಪ್ರೋಗ್ರಾಂ ಕೂಡ ಸಿದ್ಧವಾಗಿತ್ತು. ಅದು ದಹ್ರಾನ್ ತಲುಪಿದ್ದು ಮರುದಿನ.

ಈ ದುರಂತದ ವಿಶ್ಲೇಷಣೆಯಲ್ಲಿ ಹೆಚ್ಚು ಗಮನಕ್ಕೆ ಬಾರದ ಅಂಶವೊಂದಿದೆ. ಕ್ಷಿಪಣಿಯ ಜಾಡು ಹಿಡಿಯಲು ಬೇಕಾದದ್ದು ಕಾಲವಲ್ಲ, ಎರಡು ಕಾಲಗಳ ವ್ಯತ್ಯಾಸ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಕಳೆಯುವಾಗ ತಪ್ಪು ಹೆಚ್ಚುಕಡಿಮೆ ಅಳಿಸಿಹೋಗುತ್ತಿತ್ತು. ಆದರೆ ಸ್ಕಡ್‌ಗಳನ್ನು ಎದುರಿಸಲೆಂದು ಪ್ರೋಗ್ರಾಂ ಅನ್ನು ತಿದ್ದಿದಾಗ ಕೆಲವು ಕಡೆ ಹೆಚ್ಚು ನಿಖರವಾದ ಪರಿವರ್ತನೆಯನ್ನು ಹಾಕಿ, ಕೆಲವು ಕಡೆ ಹಳೆಯದನ್ನೇ ಉಳಿಸಲಾಗಿತ್ತು. ಅರ್ಧ ಸರಿಪಡಿಸಿದ್ದರಿಂದ ದೋಷಗಳು ಪರಸ್ಪರ ಹೊಂದದೆ, ನೂರು ಗಂಟೆಗಳ ಜಾರುವಿಕೆಯಿಡೀ ಉತ್ತರದೊಳಗೆ ಉಳಿದುಕೊಂಡಿತು.

ಕತ್ತರಿಕೆಗೂ ನಿಜವಾದ ತಪ್ಪಿಗೂ ಇರುವ ಭೇದವನ್ನು 1994ರ ಪೆಂಟಿಯಂ ಪ್ರಕರಣ ಸ್ಪಷ್ಟಪಡಿಸಿತು. ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ, ಎರಡರ ಅಂತರದಲ್ಲಿರುವ ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸುತ್ತಿದ್ದಾಗ, 824633702441 ಎಂಬ ಸಂಖ್ಯೆಯಿಂದ 1ನ್ನು ಭಾಗಿಸಿದ ಉತ್ತರ ಇಂಟೆಲ್‌ನ ಹೊಸ ಪೆಂಟಿಯಂ ಚಿಪ್‌ನ ಯಂತ್ರದಲ್ಲಿ ಮಾತ್ರ ತಪ್ಪುತ್ತಿರುವುದನ್ನು ಪತ್ತೆಹಚ್ಚಿದರು. ಕಂಪೈಲರ್, ಮೆಮೊರಿ, ಪ್ರೋಗ್ರಾಂ ಎಲ್ಲವನ್ನೂ ಒಂದೊಂದಾಗಿ ಸಂಶಯದಿಂದ ಹೊರಗಿಡಲು ಅವರಿಗೆ ತಿಂಗಳುಗಳೇ ಹಿಡಿದವು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದಲ್ಲಿ ಆ ಚಿಪ್ 1.33373 ಕೊಡುತ್ತದೆಂದು ಬೇಗನೆ ಇನ್ನೊಬ್ಬ ಎಂಜಿನಿಯರ್ ತೋರಿಸಿದರು: ತಪ್ಪು ಐದನೆಯ ಅಂಕಿಯಲ್ಲಿಯೇ. ಭಾಗಲಬ್ಧದ ಅಂಕಿಗಳನ್ನು ಊಹಿಸಲು ಚಿಪ್‌ನೊಳಗೆ ಅಚ್ಚೊತ್ತಿದ್ದ ಕೋಷ್ಟಕದಲ್ಲಿ 1,066 ನಮೂದುಗಳಿರಬೇಕಾಗಿದ್ದು, ಅವುಗಳಲ್ಲಿ ಐದು ಬಿಟ್ಟುಹೋಗಿದ್ದವು. ಸಾಮಾನ್ಯ ಬಳಕೆದಾರನಿಗೆ 27,000 ವರ್ಷಗಳಲ್ಲಿ ಒಮ್ಮೆ ಮಾತ್ರ ಇದು ಎದುರಾಗುತ್ತದೆಂದು ಇಂಟೆಲ್ ಮೊದಲು ಸಮಾಧಾನ ಹೇಳಿತು. ಡಿಸೆಂಬರ್‌ನಲ್ಲಿ ಐಬಿಎಂ ಆ ಚಿಪ್‌ನ ಯಂತ್ರಗಳ ರವಾನೆಯನ್ನು ನಿಲ್ಲಿಸಿದ ಮೇಲೆ, ಇಂಟೆಲ್ ಕೇಳಿದವರಿಗೆಲ್ಲ ಚಿಪ್ ಬದಲಾಯಿಸಿಕೊಡಲು ಒಪ್ಪಿ 47.5 ಕೋಟಿ ಡಾಲರ್‌ಗಳನ್ನು ಅದಕ್ಕಾಗಿ ತೆಗೆದಿಟ್ಟಿತು. ನೈಸ್ಲಿಯವರ ಅನುಮಾನ ದೃಢಪಟ್ಟದ್ದು ಮಾನದಂಡದಿಂದಲೇ: ಬೇರೆ ಯಂತ್ರಗಳೆಲ್ಲ ಕೊನೆಯ ಬಿಟ್‌ವರೆಗೂ ಒಂದೇ ಉತ್ತರ ಕೊಡಬೇಕಾದ ಕಾಲದಲ್ಲಿ ಬೇರೆ ಉತ್ತರ ಕೊಟ್ಟ ಯಂತ್ರಕ್ಕೆ ಅಡಗಲು ಜಾಗವಿರಲಿಲ್ಲ. ಹತ್ತು ವರ್ಷ ಹಿಂದೆ ಆಗಿದ್ದರೆ ಅದು ಯಂತ್ರಯಂತ್ರಗಳ ನಡುವಿನ ಮಾಮೂಲಿ ವ್ಯತ್ಯಾಸವೆಂದು ಕಡೆಗಣಿಸಲ್ಪಡುವ ಸಾಧ್ಯತೆಯೇ ಹೆಚ್ಚಾಗಿತ್ತು.

ಸಂಖ್ಯೆ ಹಿಡಿಯದ ಜಾಗಕ್ಕೆ ಅದನ್ನು ತುರುಕುವ ಅಪಾಯ ಮಾತ್ರ ಮಾನದಂಡದ ವ್ಯಾಪ್ತಿಯಿಂದ ಹೊರಗೇ ಉಳಿಯಿತು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಮೊದಲ ಬಾರಿಗೆ ಮೇಲೆದ್ದ ಏರಿಯಾನ್ 5 ರಾಕೆಟ್‌ನಲ್ಲಿ, 64 ಬಿಟ್‌ಗಳ ತೇಲುವ ಬಿಂದುವಿನ ಸಂಖ್ಯೆಯೊಂದನ್ನು 32,767ರ ಮೇಲೆ ಹೋಗಲಾರದ 16 ಬಿಟ್‌ಗಳ ಪೂರ್ಣಾಂಕವಾಗಿ ಪರಿವರ್ತಿಸುವಾಗ ಉಕ್ಕಿ ಹರಿದು, ದಿಕ್ಕು ತೋರುವ ಎರಡೂ ಕಂಪ್ಯೂಟರ್‌ಗಳು ಕೈಚೆಲ್ಲಿದವು. ನಿಧಾನಗತಿಯ ಏರಿಯಾನ್ 4ಕ್ಕೆ ಬರೆದಿದ್ದ ಆ ಭಾಗ ಹೊಸ ರಾಕೆಟ್‌ಗೆ ಹಾರಾಟದ ವೇಳೆ ಬೇಕಾಗಿಯೇ ಇರಲಿಲ್ಲ. ನಲವತ್ತು ಸೆಕೆಂಡುಗಳೊಳಗೆ ರಾಕೆಟ್ ನಾಲ್ಕು ಕ್ಲಸ್ಟರ್ ಉಪಗ್ರಹಗಳೊಂದಿಗೆ ನಾಶವಾಯಿತು.

ಐವತ್ತಮೂರು ಬಿಟ್‌ಗಳ ಎಲ್ಲೆ ದಿನಬಳಕೆಯಲ್ಲಿ ಹೆಚ್ಚು ಜನರಿಗೆ ಎದುರಾಗುವುದು ಜಾವಾಸ್ಕ್ರಿಪ್ಟ್ ಭಾಷೆಯ ಮೂಲಕ. 1995ರಲ್ಲಿ ಬ್ರೌಸರ್‌ಗಳಿಗಾಗಿ ಹುಟ್ಟಿದ ಈ ಭಾಷೆಯಲ್ಲಿ ಪೂರ್ಣಾಂಕಕ್ಕೆ ಪ್ರತ್ಯೇಕ ಬಗೆಯೇ ಇರಲಿಲ್ಲ, ಎಲ್ಲ ಸಂಖ್ಯೆಗಳೂ ದ್ವಿಗುಣ ನಿಖರತೆಯವೇ. 2010ರಲ್ಲಿ ಟ್ವಿಟರ್ ತನ್ನ ಸಂದೇಶಗಳಿಗೆ 64 ಬಿಟ್‌ಗಳ ಉದ್ದನೆಯ ಗುರುತಿನ ಸಂಖ್ಯೆಗಳನ್ನು ಕೊಡಲು ಹೊರಟಾಗ, ಬ್ರೌಸರ್ ತಲುಪುವಷ್ಟರಲ್ಲಿ ಅವುಗಳ ಕೊನೆಯ ಅಂಕಿಗಳು ಬದಲಾಗಿ ಒಂದು ಸಂದೇಶದ ಸಂಖ್ಯೆ ಬೇರೊಂದರದಾಗುವ ಅಪಾಯ ಕಂಡು, ಅದೇ ಸಂಖ್ಯೆಯನ್ನು ಅಕ್ಷರಗಳ ಸಾಲಾಗಿಯೂ ಜೊತೆಯಲ್ಲಿ ಕಳುಹಿಸುವ ವ್ಯವಸ್ಥೆ ಮಾಡಿತು. ಎಷ್ಟೇ ಉದ್ದದ ಪೂರ್ಣಾಂಕವನ್ನಾದರೂ ಒಂದಂಕಿಯೂ ಬಿಡದೆ ಹಿಡಿಯುವ ಬಿಗ್‌ಇಂಟ್ ಎಂಬ ಬಗೆ ಆ ಭಾಷೆಯ ಮಾನದಂಡವನ್ನು ಸೇರಿದ್ದು 2020ರಲ್ಲಿ. ಆದರೆ ಅದನ್ನು ಪ್ರೋಗ್ರಾಮರ್ ತಾನಾಗಿ ಕೇಳಿ ಬಳಸಬೇಕು. ಕೇಳದಿದ್ದರೆ ಸಿಗುವುದು 1985ರಲ್ಲಿ ಒಪ್ಪಿಕೊಂಡ ಲೆಕ್ಕವೇ.